ಬಾಡಿದ ಹೂವನ್ನು ಎತ್ತುವವರು ಯಾರು?



*ದಿನಕ್ಕೊಂದು ಧಮ್ಮ ಚಿಂತನೆ*
ಯಾದಗಿರಿ, ಶಹಾಪುರ, ಸುರಪುರದ ಎಲ್ಲ ಧಮ್ಮಬಂಧುಗಳಿಗೆ

*ಇಂದಿನ ವಿಷಯ: ಇಕೆಬಾನ, ಜಪಾನಿನ ಹೂವಿನ ದಾರಿ* 🌼

ಪ್ರಿಯ ಉಪಾಸಕ ಉಪಾಸಿಕೆಯರೇ,

ದಿನಾ ಬುದ್ಧನ ಮುಂದೆ ಹೂವಿಡುತ್ತೇವೆ. ಇಡುವಾಗ ಗಾಥೆ ಹೇಳುತ್ತೇವೆ. ಹೂ ಬಾಡುವ ಹಾಗೆ ನಮ್ಮ ದೇಹವೂ ಒಂದು ದಿನ ಹೋಗುವುದೇ ಎಂದು ನೆನೆಯುತ್ತೇವೆ. ಕೈ ಮುಗಿದು ಎದ್ದು ಬರುತ್ತೇವೆ. ಆದರೆ ಆ ಹೂ ನಿಜವಾಗಿ ಬಾಡಿದಾಗ ನಾವು ಅಲ್ಲಿ ಇರುತ್ತೇವೆಯೇ? ಅದನ್ನು ಎತ್ತುವ ಕೈ ಯಾರದು?

ಈ ಪ್ರಶ್ನೆ ನನಗೆ ಹೊಳೆದದ್ದಲ್ಲ. ನಮ್ಮ ಬಳಗದ ಒಬ್ಬ ಅಕ್ಕ ನನ್ನಲ್ಲಿ ಎಬ್ಬಿಸಿದ್ದು. ಅದು ಹೇಗಾಯಿತೆಂದು ಹೇಳುವುದೇ ಇಂದಿನ ಪಾಠ.

*ಕುಸುಬಿ, ಹತ್ತಿ ಕಟಗಿ, ಮುತ್ತುಗ*

ಬೆಂಗಳೂರಿನಲ್ಲಿ ಓದುವ ನಮ್ಮ ತಂಗಿಯೊಬ್ಬಳು ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಿ ಊರಿಗೆ ಬಂದಿದ್ದಳು. ಅಲ್ಲಿ ಮೈಸೂರು ಉದ್ಯಾನ ಕಲಾ ಸಂಘದವರು ನಡೆಸುವ ಸ್ಪರ್ಧೆಗಳಲ್ಲಿ ಬೋನ್ಸಾಯ್, ತರಕಾರಿ ಕೆತ್ತನೆಗಳ ಜೊತೆಗೆ ಇಕೆಬಾನವೂ ಇರುತ್ತದೆ. ಅವಳು ಮೊಬೈಲಿನಲ್ಲಿ ಫೋಟೊ ತೋರಿಸಿದಳು. ಒಂದು ಅಗಲವಾದ ಬಟ್ಟಲು, ಅದರಲ್ಲಿ ಒಂದು ಬಾಗಿದ ಟೊಂಗೆ, ಎರಡೇ ಎರಡು ಹೂ. ಉಳಿದದ್ದೆಲ್ಲ ಖಾಲಿ.

“ಅಣ್ಣಾ, ಇದು ಬುದ್ಧನ ಮುಂದ ಹೂ ಇಡೂದ್ರಿಂದನೇ ಹುಟ್ಟಿದ ಕಲಾ ಅಂತ. ನಾವೂ ಒಂದಿನ ಮಾಡೋಣು” ಎಂದಳು.

ಮಾಘ ಹುಣ್ಣಿಮೆಯ ಹಿಂದಿನ ಭಾನುವಾರ ಕೂಡಿದೆವು. ಪೇಟೆಯಲ್ಲಿ ಕೊಂಡ ಹೂ ತರಬಾರದು ಎಂಬುದೊಂದೇ ಕರಾರು. ಶಹಾಪುರದ ಕಡೆಯವರು ಕಾಲುವೆ ನೀರಿನ ಗದ್ದೆಯಿಂದ ಭತ್ತದ ಹುಲ್ಲು ತಂದರು. ಸುರಪುರದವರು ಹೊಲದ ಬದುವಿನಿಂದ ಕುಸುಬಿ ಹೂ ತಂದರು, ಮುಳ್ಳು ಚುಚ್ಚಿಸಿಕೊಂಡೇ. ಯಾದಗಿರಿಯವರು ಬಿಡಿಸಿ ಮುಗಿದ ಹತ್ತಿಯ ಕಟಗಿ, ಆಗಷ್ಟೇ ಕೆಂಪಾಗುತ್ತಿದ್ದ ಮುತ್ತುಗದ ಟೊಂಗೆ ತಂದರು. ಮನೆಯ ಅಗಲ ತಟ್ಟೆ, ಮಣ್ಣಿನ ಪರಿಯಾಣಗಳೇ ಬಟ್ಟಲಾದವು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಒಬ್ಬ ತಮ್ಮ ನೇರವಾಗಿ ಕೇಳಿಯೇ ಬಿಟ್ಟ: “ಅಣ್ಣಾರೆ, ಇದು ದೊಡ್ಡ ಮಂದಿ ಹೊತ್ತು ಕಳ್ಯಾಕ ಮಾಡೂದು. ನಮ್ಮವ್ವ ದಿನಾ ಹೊಲದಾಗ ಹತ್ತಿ ಬಿಡಿಸ್ತಾಳ್ರಿ. ಅಕಿಗಿ ಅದು ಹೂ ಅಲ್ಲ, ಕೂಲಿ. ನಾವು ಪಾಠ ಬಿಟ್ಟು ಹೂ ಜೋಡಿಸ್ಕೋತ ಕೂಡಬೇಕೇನು?”

ಅವನ ಮಾತು ಸುಳ್ಳಲ್ಲ. ಅದಕ್ಕೆ ಉತ್ತರ ಆ ಹೊತ್ತಿಗೆ ನನ್ನ ಹತ್ತಿರ ಇರಲಿಲ್ಲ. ಸ್ವಲ್ಪ ತಡೆದು ಅದಕ್ಕೆ ಬರೋಣ.

*ಈ ಕಲೆ ಎಲ್ಲಿಂದ ಬಂತು?*

ಬೌದ್ಧ ಧಮ್ಮ ಕೊರಿಯಾದ ಮೂಲಕ 6ನೇ ಶತಮಾನದಲ್ಲಿ ಜಪಾನಿಗೆ ಹೋಯಿತು. ಅದರ ಜೊತೆಗೇ ಬುದ್ಧನ ಮುಂದೆ ಹೂವಿಡುವ ರೂಢಿಯೂ ಹೋಯಿತು. ಕ್ಯೋಟೊ ನಗರದಲ್ಲಿ ರೊಕ್ಕಾಕುದೊ ಎಂಬ ಆರು ಮೂಲೆಯ ವಿಹಾರವಿದೆ. ಅಲ್ಲಿನ ಭಿಕ್ಷುಗಳು ಕೊಳದ ದಂಡೆಯ ಕುಟೀರದಲ್ಲಿದ್ದರು. ಜಪಾನಿ ಭಾಷೆಯಲ್ಲಿ ಅದು ‘ಇಕೆನೊಬೊ’. ಬೆಳಗ್ಗೆ ಸಂಜೆ ಬುದ್ಧನಿಗೆ ಹೂವಿಡುವುದು ಅವರ ಕೆಲಸ. ಆ ಪರಂಪರೆಯ ಸೆಂಕೆಯಿ ಎಂಬ ಭಿಕ್ಷು ಹೂವಿಟ್ಟ ಬಗೆಯನ್ನು ನೋಡಲು ಕ್ಯೋಟೊದ ಜನ ಮುಗಿಬಿದ್ದರೆಂದು 1462ರ ಒಂದು ದಿನಚರಿಯಲ್ಲಿ ದಾಖಲಾಗಿದೆ. ಇಕೆಬಾನದ ಇತಿಹಾಸ ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ.

ಮುಂದೆ 16ನೇ ಶತಮಾನದಲ್ಲಿ ಅದೇ ಮನೆತನದ ಸೆನ್ನೊ ಎಂಬಾತ ಒಂದು ಮಾತನ್ನು ಸ್ಪಷ್ಟ ಮಾಡಿದ. ಚೆಂದದ ಹೂಗಳನ್ನು ತಂದು ತುಂಬಿಡುವುದಷ್ಟೇ ಈ ಕಲೆ ಅಲ್ಲ. ಒಣಗಿದ ಟೊಂಗೆಗೂ ಇಲ್ಲಿ ಜಾಗವಿದೆ ಎಂಬುದು ಅವನ ಬೋಧನೆಯ ತಿರುಳು. ಮೊಗ್ಗು, ಅರಳಿದ ಹೂ, ಹುಳ ತಿಂದ ಎಲೆ, ಒಣ ಕಡ್ಡಿ ಎಲ್ಲವೂ ಒಂದೇ ಬಟ್ಟಲಿನಲ್ಲಿ ನಿಲ್ಲಬಹುದು. ಹುಟ್ಟು, ಇರವು, ಅಳಿವು ಮೂರೂ ಒಟ್ಟಿಗೆ ಕಾಣಬೇಕು. ನಾವು ಅನಿತ್ಯ ಎಂದು ಓದುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

‘ಇಕೆಬಾನ’ ಎಂದರೆ ಹೂವಿಗೆ ಜೀವ ಕೊಡುವುದು ಎಂದು ಅರ್ಥ. ಕತ್ತರಿಸಿದ ಹೂವಿಗೆ ಜೀವ ಕೊಡುವುದೆಂದರೆ ಏನು? ಅದನ್ನು ಕೈಯಿಂದ ಮಾಡಿದಾಗಲೇ ತಿಳಿಯುತ್ತದೆ.

*ಮೂರು ಕಡ್ಡಿಯ ಲೆಕ್ಕ*

ಇಕೆಬಾನದಲ್ಲಿ ಹಲವು ಪಂಥಗಳಿವೆ. 1927ರಲ್ಲಿ ಶುರುವಾದ ಸೊಗೆತ್ಸು ಪಂಥದ ಮೊದಲ ಪಾಠ ಹೊಸಬರಿಗೆ ಸುಲಭ. ಅದರಲ್ಲಿ ಮೂರು ಮುಖ್ಯ ಕಡ್ಡಿಗಳು.

🌿 ಮೊದಲನೆಯದು ‘ಶಿನ್’. ಬಟ್ಟಲಿನ ಅಗಲ ಮತ್ತು ಎತ್ತರವನ್ನು ಕೂಡಿಸಿ, ಅದರ ಒಂದೂವರೆ ಪಟ್ಟು ಉದ್ದ. ಬಟ್ಟಲು 25 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರ ಇದ್ದರೆ ಶಿನ್ 45 ಸೆಂ.ಮೀ. ನೆಟ್ಟಗಿನಿಂದ 15 ಡಿಗ್ರಿಯಷ್ಟು ಮಾತ್ರ ಬಾಗಿರಬೇಕು.

🌿 ಎರಡನೆಯದು ‘ಸೊಎ’. ಶಿನ್‌ನ ಮುಕ್ಕಾಲು ಭಾಗ, ಅಂದರೆ ಸುಮಾರು 34 ಸೆಂ.ಮೀ. ಬಾಗು 45 ಡಿಗ್ರಿ.

🌿 ಮೂರನೆಯದು ‘ಹಿಕಾಎ’. ಸೊಎಯ ಮುಕ್ಕಾಲು ಭಾಗ, ಸುಮಾರು 25 ಸೆಂ.ಮೀ. ಬಾಗು 75 ಡಿಗ್ರಿ. ಹೆಚ್ಚುಕಡಿಮೆ ನೀರಿನ ಕಡೆಗೇ ಒರಗಿರುತ್ತದೆ.

ಮೂರು ಕಡ್ಡಿಗಳನ್ನು ಆಕಾಶ, ಮನುಷ್ಯ, ಭೂಮಿ ಎಂದು ತಿಳಿಯುವ ರೂಢಿಯೂ ಇದೆ. ಕಡ್ಡಿ ನಿಲ್ಲಿಸಲು ಈಗ ‘ಕೆಂಜಾನ್’ ಎಂಬ, ಹಿತ್ತಾಳೆ ಮುಳ್ಳುಗಳ ಭಾರವಾದ ಬಿಲ್ಲೆ ಬಳಸುತ್ತಾರೆ. ನಮ್ಮಲ್ಲಿ ಅದಿರಲಿಲ್ಲ. ಆದರೆ ಹಳೆಯ ಕಾಲದ ದೊಡ್ಡ ಹೂಜೋಡಣೆಗಳಲ್ಲಿ ಭತ್ತದ ಹುಲ್ಲನ್ನು ಬಿಗಿಯಾಗಿ ಕಟ್ಟಿ, ಅದರಲ್ಲಿ ಕಡ್ಡಿ ಚುಚ್ಚಿ ನಿಲ್ಲಿಸುತ್ತಿದ್ದರು. ಅದಕ್ಕೇ ಶಹಾಪುರದವರಿಗೆ ಹುಲ್ಲು ತರಲು ಹೇಳಿದ್ದು. ಹುಲ್ಲನ್ನು ಕೈತುಂಬ ಹಿಡಿದು, ದಾರ ಬಿಗಿದು, ಬುಡ ಸಮ ಮಾಡಿ, ಸುತ್ತ ಕಲ್ಲಿಟ್ಟು ನಿಲ್ಲಿಸಿದೆವು. ಗಟ್ಟಿಯಾಗಿ ನಿಂತಿತು.

ಕಷ್ಟ ಬಂದದ್ದು ಕತ್ತರಿ ಕೈಗೆ ಬಂದಾಗ. ಮುತ್ತುಗದ ಟೊಂಗೆಯಲ್ಲಿ ಹತ್ತಾರು ಗೊಂಚಲು. ಎಲ್ಲವೂ ಚೆಂದ. ಆದರೆ ಮೂರು ಬಿಟ್ಟು ಉಳಿದದ್ದನ್ನು ತೆಗೆದರೇ ಟೊಂಗೆಯ ಬಾಗು ಕಾಣುತ್ತದೆ. ಒಬ್ಬರಿಗೂ ಕೈ ಬರಲಿಲ್ಲ. “ಇಷ್ಟ ಚೆಂದ ಅದ, ಹ್ಯಾಂಗ್ರಿ ಕೊಯ್ಯೂದು?” ನಮ್ಮ ಹಾರಗಳೆಲ್ಲ ಹೆಚ್ಚು ಹೂವಿದ್ದಷ್ಟು ಹೆಚ್ಚು ಭಕ್ತಿ ಎಂಬ ಲೆಕ್ಕದವು. ಇಲ್ಲಿ ಲೆಕ್ಕ ಉಲ್ಟಾ. ತೃಷ್ಣೆಯ ಬಗ್ಗೆ ಹತ್ತು ಭಾನುವಾರ ಪಾಠ ಮಾಡಿದ್ದೇನೆ. ಆ ನಾಲ್ಕನೇ ಗೊಂಚಲನ್ನು ಕತ್ತರಿಸಲು ನನ್ನ ಕೈಯೂ ಹಿಂದೆ ಸರಿಯಿತು.

*ಶಹಾಪುರದ ಬೆಟ್ಟ ಕಲಿಸುವ ಪಾಠ*

ಇಕೆಬಾನದ ಬಟ್ಟಲನ್ನು ಜಪಾನಿನ ಮನೆಗಳಲ್ಲಿ ಗೋಡೆಯ ಒಂದು ಗೂಡಿನಲ್ಲಿಡುತ್ತಾರೆ. ಎದುರಿಗೆ ಕುಳಿತು ನೋಡಬೇಕು. ಮಗ್ಗುಲಿನಿಂದ ನೋಡಿದರೆ ಕಡ್ಡಿಗಳು ಬೇರೆ ಬೇರೆ, ಎದುರಿನಿಂದ ನೋಡಿದರೆ ಒಂದು ರೂಪ.

ಇದನ್ನು ನಮಗೆ ಜಪಾನಿನವರು ಹೇಳಿಕೊಡಬೇಕಾಗಿಲ್ಲ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ನೋಡಿದವರಿಗೆ ಇದು ಗೊತ್ತೇ ಇದೆ. ದೂರದಿಂದ ನೋಡಿದರೆ ಹಣೆ, ಮೂಗು, ತುಟಿ, ಎದೆ, ಆಕಾಶಕ್ಕೆ ಮುಖ ಮಾಡಿ ಮಲಗಿದ ಬುದ್ಧ. ಹತ್ತಿರ ಹೋಗಿ ಬಂಡೆ ಹತ್ತಿದರೆ ಬರೀ ಕಲ್ಲು. ಮೂಗು ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಬೇರೆ ಬೇರೆ ಗುಡ್ಡಗಳು, ನಡುವಿನ ಖಾಲಿ ಆಕಾಶ, ನೋಡುವವರು ನಿಂತ ಜಾಗ, ಇಷ್ಟೂ ಕೂಡಿದಾಗ ಬುದ್ಧ ಕಾಣುತ್ತಾನೆ. ಒಂದು ತಪ್ಪಿದರೂ ಇಲ್ಲ. ಪ್ರತೀತ್ಯ ಸಮುತ್ಪಾದ, ಅಂದರೆ ಎಲ್ಲವೂ ಕಾರಣಗಳನ್ನು ಅವಲಂಬಿಸಿ ಉಂಟಾಗುತ್ತದೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಬೇರೆ ಬೇಕೇ?

ಆದರೆ ನಿಂತ ಜಾಗದಿಂದ ಕೆಲವು ಕಾಣುತ್ತವೆ, ಕೆಲವು ಕಾಣುವುದಿಲ್ಲ. ನಾನು ನಿಂತ ಜಾಗದಿಂದ ನನಗೆ ಏನು ಕಂಡಿರಲಿಲ್ಲ ಎಂಬುದು ಐದನೇ ದಿನ ತಿಳಿಯಿತು.

*ಐದನೇ ದಿನ*

ಭಾನುವಾರ ಎಂಟು ಬಟ್ಟಲು ಸಿದ್ಧವಾದವು. ಫೋಟೊ ತೆಗೆದೆವು, ಗ್ರೂಪಿನಲ್ಲಿ ಹಾಕಿದೆವು, ನೀವೆಲ್ಲ ಸಾಧು ಸಾಧು ಎಂದಿರಿ. ಗುರುವಾರ ಏನೋ ಪುಸ್ತಕ ತರಲು ನಾನು ಬೆಳಗ್ಗೆ ಬೇಗ ಹೋದೆ. ಒಳಗೆ ವಾಸನೆ. ಬಟ್ಟಲ ನೀರು ಕೆಟ್ಟಿತ್ತು. ಮುತ್ತುಗದ ಹೂ ಉದುರಿ ನೀರಿನಲ್ಲಿ ಕಪ್ಪಾಗಿದ್ದವು, ಕಡ್ಡಿಗಳ ಬುಡ ಲೋಳೆಯಾಗಿತ್ತು. ನಮ್ಮ ಬಳಗದ ಹಿರಿಯ ಅಕ್ಕ ಒಬ್ಬರೇ ಕುಳಿತು ಒಂದೊಂದೇ ಬಟ್ಟಲು ಬರಿದು ಮಾಡುತ್ತಿದ್ದರು.

“ಯಕ್ಕಾ, ನೀವ್ಯಾಕ ಮಾಡಾಕತ್ತೀರಿ? ಇಟ್ಟವ್ರು ಬಂದು ತೆಗೀತಿದ್ರು” ಎಂದೆ.

ಅಕ್ಕ ತಲೆ ಎತ್ತದೆ ಹೇಳಿದರು: “ಯಾವಾಗ ತೆಗ್ದಾರ ಅಣ್ಣಾರೆ? ಹಾರ ನೀವ್ ಹಾಕ್ತೀರಿ, ಹೂ ನೀವ್ ಇಡ್ತೀರಿ. ಅದು ಬಾಡಿದ್ಮ್ಯಾಗ ಹೂ ಅಲ್ಲ, ಕಸ. ಕಸ ಅಂದ್ಕೂಡ್ಲೇ ಎಲ್ಲರಿಗೂ ನನ್ನ ನೆಪ್ಪಾಗ್ತದ.”

ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ಆಮೇಲೆ ಇನ್ನೊಂದು ಮಾತು: “ನಮ್ಮವ್ವ ಒಂದು ಗುಡಿ ಹೊರಗ ಗುಡಿಸ್ತಿದ್ಳು. ಒಳಗಿನ ಹೂ ಬಾಡಿದ್ಮ್ಯಾಗ ಹೊರಗ ಒಗೀತಿದ್ರು. ಅವಾಗಷ್ಟೇ ಅಕಿ ಕೈಗಿ ಹೂ ಸಿಗ್ತಿತ್ತು.”

ಬಂಧುಗಳೇ, ನಾವು ಸಮತೆಯ ಮೇಲೆ ಪಾಠ ಮಾಡುತ್ತೇವೆ. ಹೂ ನಮ್ಮ ಕೈಯಿಂದ ತೆಗೆದುಕೊಳ್ಳದ ಕಾಲದ ನೋವನ್ನು ಮಾತಾಡುತ್ತೇವೆ. ನಮ್ಮದೇ ಜಾಗದಲ್ಲಿ ತಾಜಾ ಹೂ ಒಬ್ಬರ ಕೈಗೆ, ಬಾಡಿದ ಹೂ ಇನ್ನೊಬ್ಬರ ಕೈಗೆ ಎಂಬ ಕಟ್ಟಳೆ ಸದ್ದಿಲ್ಲದೆ ಬೆಳೆದಿತ್ತು. ಯಾರೂ ಅದನ್ನು ಬರೆದಿರಲಿಲ್ಲ, ಯಾರೂ ಆಜ್ಞೆ ಮಾಡಿರಲಿಲ್ಲ. ವರ್ಷಗಟ್ಟಲೆ ಕಂಡೂ ನಾನು ನೋಡಿರಲಿಲ್ಲ.

*ಸುನೀತ ಥೇರನ ನೆನಪು*

ಆ ದಿನ ನನಗೆ ನೆನಪಾದದ್ದು ಥೇರಗಾಥೆಯ ಸುನೀತ. ಅವನ ಕಸುಬಿಗೆ ಪಾಲಿಯಲ್ಲಿ ‘ಪುಪ್ಫಛಡ್ಡಕ’ ಎಂಬ ಹೆಸರು. ಬಾಡಿದ ಹೂಗಳನ್ನು ಎತ್ತಿ ಹಾಕುವವನು ಎಂದೇ ಅದರ ಅರ್ಥ. ಅವನೇ ತನ್ನ ಗಾಥೆಗಳಲ್ಲಿ ತನ್ನ ಕಥೆ ಹೇಳಿಕೊಳ್ಳುತ್ತಾನೆ: ಹುಟ್ಟಿದ್ದು ಕೀಳೆಂದು ಕರೆಸಿಕೊಂಡ ಕುಲದಲ್ಲಿ, ಹೊಟ್ಟೆಗೆ ಸಾಲದ ಬಡತನ, ಜನರ ತಾತ್ಸಾರ, ಕಂಡಕಂಡವರಿಗೆ ತಲೆ ಬಾಗಿಸಿ ಬದುಕಿದ್ದು. ಒಂದು ದಿನ ಬುದ್ಧರು ಭಿಕ್ಷುಸಂಘದೊಡನೆ ಮಗಧದ ನಗರಕ್ಕೆ ಬರುವುದನ್ನು ಕಂಡು, ಹೆಗಲ ಮೇಲಿನ ಅಡ್ಡೆಯನ್ನು ಕೆಳಗಿಟ್ಟು ಹತ್ತಿರ ಹೋದ. ಅವನ ಮೇಲಿನ ಕರುಣೆಯಿಂದ ಬುದ್ಧರು ನಿಂತರು. ಅವನು ಪ್ರವ್ರಜ್ಯೆ ಬೇಡಿದ. ಬುದ್ಧರು ಅವನನ್ನು ಭಿಕ್ಷುವೆಂದೇ ಕರೆದು ಬರಮಾಡಿಕೊಂಡರು. ಕಾಡಿನಲ್ಲಿ ಒಂಟಿಯಾಗಿ ಸಾಧನೆ ಮಾಡಿ ಅವನು ಅರಹಂತನಾದ. ಹಿಂದೆ ಎಲ್ಲರಿಗೂ ಬಾಗುತ್ತಿದ್ದವನಿಗೆ ದೇವತೆಗಳೇ ಬಂದು ಬಾಗಿದರು ಎಂದು ಆ ಗಾಥೆಗಳು ಹೇಳುತ್ತವೆ.

ಬಾಬಾಸಾಹೇಬರು ಸುನೀತನನ್ನು ಮರೆಯಲಿಲ್ಲ. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ, ಕೀಳೆಂದು ತಳ್ಳಲ್ಪಟ್ಟವರ ಧಮ್ಮದೀಕ್ಷೆಯ ಭಾಗದಲ್ಲಿ, ಕ್ಷೌರಿಕ ಉಪಾಲಿಯ ಜೊತೆಗೆ ಸುನೀತನ ಕಥೆಯನ್ನೂ ಇಟ್ಟಿದ್ದಾರೆ.

ಒಂದು ಸೂಕ್ಷ್ಮ ಗಮನಿಸಿ. ಹೂ ಅನಿತ್ಯ ಎಂದು ನಾವು ಬಾಯಲ್ಲಿ ಹೇಳುತ್ತೇವೆ. ಆದರೆ ಅನಿತ್ಯವನ್ನು ದಿನಾ ಕೈಯಲ್ಲಿ ಹಿಡಿದವನು ಸುನೀತ. ಆ ಕೊಳೆತ ವಾಸನೆ, ಆ ಲೋಳೆ, ಆ ಕಪ್ಪು ನೀರು ಅವನಿಗೆ ಗೊತ್ತಿತ್ತು. ಅರ್ಧ ಪಾಠ ಅವನ ಕೈಯಲ್ಲೇ ಇತ್ತು. ನಾವು ಚೆಂದದ ಅರ್ಧವನ್ನು ಇಟ್ಟುಕೊಂಡು ಉಳಿದ ಅರ್ಧವನ್ನು ಬೇರೆಯವರ ಕೈಗೆ ಹಾಕಿದರೆ ಗಾಥೆಯೂ ಅರ್ಧವೇ ಉಳಿಯುತ್ತದೆ.

*ತಮ್ಮನ ಪ್ರಶ್ನೆಗೆ*

ಈಗ ಆ ತಮ್ಮನ ಮಾತಿಗೆ ಬರೋಣ. ಹೂ ಜೋಡಿಸುವುದರಿಂದ ಏನು?

ಕುಸಿನಾರದಲ್ಲಿ ಬುದ್ಧರು ಎರಡು ಸಾಲವೃಕ್ಷಗಳ ನಡುವೆ ಕೊನೆಯ ಸಲ ಮಲಗಿದಾಗ, ಋತುವಲ್ಲದ ಋತುವಿನಲ್ಲಿ ಆ ಮರಗಳು ಅರಳಿ ಅವರ ಮೇಲೆ ಹೂ ಸುರಿಸಿದವು ಎಂದು ಮಹಾಪರಿನಿಬ್ಬಾಣ ಸುತ್ತ ಹೇಳುತ್ತದೆ. ಆಗ ಬುದ್ಧರು ಆನಂದನಿಗೆ ತಿಳಿಸಿದ್ದು ಇದು: ತಥಾಗತನಿಗೆ ಸಲ್ಲುವ ದೊಡ್ಡ ಗೌರವ ಹೂಮಳೆಯಲ್ಲ, ಧಮ್ಮದಂತೆ ನಡೆಯುವುದೇ ಅದು. ಹೂವಿನ ಬಗ್ಗೆ ಇದಕ್ಕಿಂತ ಕಟ್ಟುನಿಟ್ಟಾದ ಮಾತು ಬೇರೆ ಇಲ್ಲ. ಆದ್ದರಿಂದ ತಮ್ಮನ ಸಂಶಯ ಧಮ್ಮಕ್ಕೆ ಹೊರತಾದದ್ದಲ್ಲ.

ಹಾಗೆಂದು ಉಪಾಸಕರು ಹೂವಿಡುವುದನ್ನು ಬಿಡಲಿಲ್ಲ. ನಮ್ಮ ಪಕ್ಕದಲ್ಲೇ, ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ, ಭೀಮಾ ದಂಡೆಯ ಮಹಾಸ್ತೂಪವನ್ನು 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದು ತೆಗೆದರು. ‘ರಾಯ ಅಸೋಕೊ’ ಎಂದು ಬರೆದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ. ಕಲ್ಲು ದಾನ ಕೊಟ್ಟವರ ಹೆಸರುಗಳೂ ಅಲ್ಲಿನ ಕಲ್ಲುಗಳ ಮೇಲಿವೆ. ಆಂಧ್ರದ ಅಮರಾವತಿ ಸ್ತೂಪದ ಶಾಸನಗಳಲ್ಲಿ ಹೂವಿಡಲೆಂದೇ ಕಲ್ಲಿನ ಹಲಗೆ ಮಾಡಿಸಿಕೊಟ್ಟವರ ಮಾತು ಬರುತ್ತದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಈ ನದಿಗಳ ದಂಡೆಯಲ್ಲಿ ಜನ ಹೂ ಹಿಡಿದು ಬರುತ್ತಿದ್ದರು. ಆ ಹೂಗಳೂ ಬಾಡಿದವು. ಪ್ರದಕ್ಷಿಣೆಯ ದಾರಿಯನ್ನು ಗುಡಿಸಿದವರ ಹೆಸರನ್ನು ಯಾರು ಕೆತ್ತಿಸುತ್ತಾರೆ?

ಹಾಗಾದರೆ ಉತ್ತರ ಇಷ್ಟೇ. ಇಟ್ಟು ಫೋಟೊ ತೆಗೆದು ಎದ್ದು ಹೋದರೆ ತಮ್ಮ ಹೇಳಿದ್ದೇ ಸರಿ, ಅದು ಹೊತ್ತು ಕಳೆಯುವುದು. ಕೊಯ್ದ ಕೈಯೇ ನೀರು ಬದಲಿಸಿ, ಅದೇ ಕೈ ಬಾಡಿದ್ದನ್ನು ಎತ್ತಿ, ಅದೇ ಕೈ ಬಟ್ಟಲು ತೊಳೆದು ಬೋರಲು ಹಾಕಿದರೆ ಅದು ಸಾಧನೆ.

*ಬಳಗದಲ್ಲಿ ಈಗ ನಾವು ಮಾಡುವ ಬಗೆ*

1️⃣ ತಿಂಗಳಿಗೆ ಒಂದು ಭಾನುವಾರ. ಒಬ್ಬೊಬ್ಬರಿಗೂ ಒಂದೇ ಬಟ್ಟಲು. ಹೊಲ, ಬದು, ಅಂಗಳದಲ್ಲಿ ಸಿಕ್ಕಿದ್ದು ಮಾತ್ರ. ಬೇರೆಯವರ ಹೊಲದಲ್ಲಿ ಕೇಳದೆ ಕೊಯ್ಯುವಂತಿಲ್ಲ; ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದೆಂಬ ಶೀಲ ಹೂವಿಗೂ ಸಲ್ಲುತ್ತದೆ.

2️⃣ ಕಡ್ಡಿಯ ತುದಿಯನ್ನು ನೀರಿನೊಳಗೆ ಮುಳುಗಿಸಿಯೇ ಓರೆಯಾಗಿ ಕತ್ತರಿಸಿ. ಗಾಳಿ ಒಳಗೆ ಹೋಗದೆ ಹೂ ಹೆಚ್ಚು ದಿನ ತಾಳುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಿರಿ, ನೀರು ಕೆಡುವುದು ಅವುಗಳಿಂದಲೇ.

3️⃣ ಮೂರು ಕಡ್ಡಿ ನಿಲ್ಲಿಸುವ ತನಕ ಮಾತಿಲ್ಲ. ಉಸಿರಿನ ಮೇಲೆ ಗಮನ.

4️⃣ ಒಂದು ಒಣ ಕಡ್ಡಿ ಇರಲೇಬೇಕು. ಹತ್ತಿ ಕಟಗಿ, ತೊಗರಿ ಕಟಗಿ, ಯಾವುದಾದರೂ ಸರಿ.

5️⃣ ದಿನ ಬಿಟ್ಟು ದಿನ ನೀರು ಬದಲಿಸಬೇಕು. ಬಾಡಿದ ದಿನ *ಇಟ್ಟವರೇ* ಬಂದು ತೆಗೆಯಬೇಕು. ಬೇರೆಯವರಿಗೆ ಹೇಳಿ ಕಳಿಸುವಂತಿಲ್ಲ. ಬರಲಾಗದವರು ಅವತ್ತು ಹೂವಿಡುವುದೇ ಬೇಡ, ಕುಳಿತು ನೋಡಿದರೂ ಸಾಕು.

6️⃣ ತೆಗೆದದ್ದನ್ನು ಚರಂಡಿಗೆ ಹಾಕದೆ ಗಿಡದ ಬುಡಕ್ಕೆ ಹಾಕಬೇಕು. ಹಾಕುವಾಗ ಇಡುವಾಗ ಹೇಳಿದ ಗಾಥೆಯನ್ನೇ ಮತ್ತೊಮ್ಮೆ ಹೇಳಬೇಕು.

ಹಿತ್ತಲಿನ ಬೇವಿನ ಗಿಡದ ಬುಡಕ್ಕೆ ಮೊದಲ ಬಟ್ಟಲು ಬರಿದು ಮಾಡಿದವನು ನಾನೇ. ಗಾಥೆ ಅರ್ಧಕ್ಕೆ ಬಂದಾಗ ಗಂಟಲು ಕಟ್ಟಿತು. ಇಷ್ಟು ವರ್ಷ ಹೇಳಿದ ಮಾತು ಅವತ್ತು ಕೈಯಲ್ಲಿತ್ತು.

ಮುಂದಿನ ಸಲ ಕೂಡಿದಾಗ ಅಕ್ಕ ಮೊದಲ ಬಾರಿಗೆ ತಾವೇ ಒಂದು ಬಟ್ಟಲು ಹಿಡಿದು ಕುಳಿತರು. ಒಂದು ಕುಸುಬಿ, ಒಂದು ಹತ್ತಿ ಕಟಗಿ, ಅಷ್ಟೇ. ಲೆಕ್ಕದ ಉದ್ದವೂ ಇಲ್ಲ, ಡಿಗ್ರಿಯೂ ಇಲ್ಲ. ಎಲ್ಲರೂ ಬಹಳ ಹೊತ್ತು ಅದನ್ನೇ ನೋಡಿದೆವು. ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಗುರುವಾರ ಬೆಳಗ್ಗೆ ತನ್ನ ಬಟ್ಟಲು ತೊಳೆಯಲು ಎಲ್ಲರಿಗಿಂತ ಮೊದಲು ಬಂದವನು ಅವನೇ.

*ಇಂದಿನ ಚಿಂತನೆಗೆ ಮೂರು ಪ್ರಶ್ನೆ* 🌼

▪️ ನನ್ನ ಮನೆಯಲ್ಲಿ ಹೂವಿಡುವವರು ಯಾರು, ಬಾಡಿದ ಹೂವನ್ನು ಎತ್ತುವವರು ಯಾರು?

▪️ ನಾನು ಚೆಂದದ ಅರ್ಧವನ್ನು ಮಾಡಿ, ಉಳಿದ ಅರ್ಧವನ್ನು ಬೇರೆಯವರಿಗೆ ಬಿಟ್ಟ ಕೆಲಸಗಳು ಯಾವುವು? ಅಡುಗೆ, ಸಭೆ, ಮದುವೆ, ಜಯಂತಿ ಎಲ್ಲವನ್ನೂ ನೆನೆಯಿರಿ.

▪️ ವರ್ಷಗಟ್ಟಲೆ ಕಂಡೂ ನಾನು ನೋಡದೆ ಇರುವ ಕೈ ಯಾರದು?

*ಇಂದಿನ ಸಂಕಲ್ಪ:* ಇವತ್ತು ಬುದ್ಧನ ಮುಂದಿನ, ಬಾಬಾಸಾಹೇಬರ ಫೋಟೊದ ಮೇಲಿನ ಒಣಗಿದ ಹೂವನ್ನು ನನ್ನ ಕೈಯಿಂದಲೇ ತೆಗೆಯುತ್ತೇನೆ. ತೆಗೆದ ಜಾಗವನ್ನು ಒರೆಸುತ್ತೇನೆ. ಆಮೇಲೆ ಹೊಸ ಹೂ, ಒಂದೇ ಒಂದು.

ಎಲ್ಲರಿಗೂ ಮಂಗಳವಾಗಲಿ.
ಸಾಧು! ಸಾಧು! ಸಾಧು! 🙏

_ಓದಿ, ಮನೆಯವರಿಗೂ ಓದಿ ಹೇಳಿ, ಬೇರೆ ಬಳಗಗಳಿಗೂ ಕಳುಹಿಸಿ. ನಿಮ್ಮ ಉತ್ತರಗಳನ್ನು ಭಾನುವಾರದ ಕೂಟದಲ್ಲಿ ಕೇಳೋಣ._